ಆರನೇ ಪೆಟ್ಟಿಗೆಗೆ ನಾನು ಕೊಟ್ಟ ವಿಶ್ರಾಂತಿ

ಕೂಲರಿನ ಒಣಗಿದ ಪ್ಯಾಡಿಗೆ ವರ್ಷದ ಮೊದಲ ನೀರು ಬಿದ್ದಾಗ ಒಂದು ವಾಸನೆ ಏಳುತ್ತದೆ. ಒಣಹುಲ್ಲು, ತಗಡಿನ ತುಕ್ಕು, ತಳದಲ್ಲಿ ಉಳಿದ ಹೋದ ವರ್ಷದ ನೀರಿನ ಸುಣ್ಣ, ಮೂರೂ ಕೂಡಿದ ವಾಸನೆ. ನಾಗಪುರದವರಿಗೆ ಅದು ಬೇಸಗೆ ಬಂತೆಂಬ ಸುದ್ದಿ. ಕೂಲರ್ ರಿಪೇರಿ ಮಾಡಿ ಬದುಕುವ ನನಗೆ ಅದು ಅನ್ನದ ವಾಸನೆ. ಆರು ವರ್ಷಗಳಿಂದ ಮಾತ್ರ ಆ ವಾಸನೆ ಬಂದರೆ ಒಂದು ತಾರಸಿ ನೆನಪಾಗುತ್ತದೆ.

ಈ ಏಪ್ರಿಲ್‌ನಲ್ಲಿ ಬಜಾಜ್ ನಗರದ ಜೋಶಿ ಕಾಕು ಮನೆಗೆ ಹೋಗಬೇಕಾಯಿತು. ಓಣಿಯವರೆಲ್ಲ ಕಾಕು, ಚಿಕ್ಕಮ್ಮ, ಎನ್ನುವ ಅವರು ಪುಣೆಯ ಮಗಳ ಮನೆ ಸೇರಿದ್ದಾರೆ. ಮನೆ ಮಾರಿಹೋಗಿದೆ, ಕೊಂಡವರು ಕೆಡವಿ ಕಟ್ಟುವವರಿದ್ದಾರೆ. ಹಳೆಯ ಕೂಲರ್ ಬಿಚ್ಚಿಕೊಂಡು ಹೋಗು ಎಂದು ಕಾಕು ಫೋನಿನಲ್ಲಿ ಹೇಳಿದ್ದರು. ಬಿಚ್ಚುವ ಮುಂಚೆ ಪಂಪು ನಡೆಯುತ್ತದೋ ಎಂದು ನೀರು ಬಿಟ್ಟೆ. ಅದೇ ವಾಸನೆ ಎದ್ದಿತು. ಸುಮ್ಮನಿರಲಾಗದೆ ತಾರಸಿಗೆ ಹೋದೆ. ನೀರಿನ ಟಾಕಿಯ ಪಕ್ಕದ ಗೋಡೆಯಲ್ಲಿ ನಾನು ಹೊಡೆದ ಎರಡು ಮೊಳೆ ಹಾಗೇ ಇದ್ದವು. ಕೆಳಗೆ ಸ್ವಿಚ್ಚಿನ ಮೇಲೆ ಬಿಳಿ ಪಟ್ಟಿ, ಅದರ ಮೇಲೆ ನನ್ನ ಕೈಬರಹದಲ್ಲಿ ‘೬’. ಬಿಸಿಲಿಗೆ ಶಾಯಿ ಹಾರಿಹೋಗಿದ್ದರೂ ಅಂಕಿ ಓದಬಹುದಿತ್ತು.

ನನಗೆ ಕನ್ನಡ ಅಂಕಿಯೇ ಮೊದಲು ಕೈಗೆ ಬರುತ್ತದೆ. ಏಳನೆಯವರೆಗೆ ಗದಗಿನಲ್ಲಿ ಅಜ್ಜಿಯ ಹತ್ತಿರ ಓದಿದವನು ನಾನು. ಅಪ್ಪ ರೈಲ್ವೆಯಲ್ಲಿ ಪಾಯಿಂಟ್ಸ್‌ಮನ್. ಅವರಿಗೆ ನಾಗಪುರಕ್ಕೆ ವರ್ಗವಾದಾಗ ಇಲ್ಲಿಯ ಹಿಂದಿ ಶಾಲೆಯ ಎಂಟನೇ ತರಗತಿಗೆ ಹಾಕಿದರು. ಎರಡು ವರ್ಷ ಅದೇ ಬೆಂಚಿನ ಮೇಲೆ ಕೂತೆ. ಮಾಸ್ತರರು ಹೇಳುವುದು ತಿಳಿಯಲಿಲ್ಲ. ತಿಳಿಯುವ ಹೊತ್ತಿಗೆ ನನಗೆ ಅಲ್ಲಿ ಕೂರುವ ಮನಸ್ಸು ಉಳಿದಿರಲಿಲ್ಲ. ಬಶೀರ್ ಚಾಚಾ ಎಂಬ ಉಸ್ತಾದರ ಕೈಕೆಳಗೆ ಕೂಲರ್ ಕೆಲಸ ಕಲಿತೆ. ನನಗಿಂತ ಹನ್ನೊಂದು ವರ್ಷ ಚಿಕ್ಕವಳಾದ ತಂಗಿ ಸುಮಂಗಲಾ, ನಮ್ಮ ಸುಮಿ, ಶಾಲೆಗೆ ಸೇರಿದ್ದೇ ನಾಗಪುರದಲ್ಲಿ. ಮರಾಠಿ, ಹಿಂದಿ, ಇಂಗ್ಲಿಷ್ ಮೂರೂ ಅವಳಿಗೆ ನೀರು ಕುಡಿದಷ್ಟು ಸುಲಭ. ಮನೆಯಲ್ಲಿ ಗದಗಿನ ಮಾತೇ ಆಡುತ್ತಾಳೆ, ಆದರೆ ಕನ್ನಡ ಓದಲು ಬಾರದು. ಅವಳು ಚಿಕ್ಕವಳಿದ್ದಾಗ ಕೂಲರಿನ ತಗಡಿನ ಮೇಲೆ ಸುಣ್ಣದ ಕಡ್ಡಿಯಿಂದ ಅವಳ ಹೆಸರನ್ನು ಬರೆದು ಕಲಿಸಿದ್ದೆ. ಅಷ್ಟೇ ಅವಳ ಕನ್ನಡ.

ಅಪ್ಪ ತೀರಿದ ಮೇಲೆ ಕ್ವಾರ್ಟರ್ಸ್ ಬಿಟ್ಟು ಅಜನಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ ಹಿಡಿದಿದ್ದೆವು. ನಾನು ಹೇಳಹೊರಟ ಬೇಸಗೆಯಲ್ಲಿ ಸುಮಿ ಎಂಜಿನಿಯರಿಂಗ್ ಮುಗಿಸಿ ಅದರ ಮೇಲಿನ ಓದಿನ ಕೊನೆಯ ವರ್ಷದಲ್ಲಿದ್ದಳು. ಮಾರ್ಚಿನ ಒಂದು ಸಂಜೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಹತ್ತು ಪ್ಲಾಸ್ಟಿಕ್ ಪೆಟ್ಟಿಗೆಗಳನ್ನು ತಂದು ನೆಲದ ಮೇಲೆ ಹರವಿದಳು. ಪ್ರತಿಯೊಂದರಲ್ಲೂ ಒಂದು ಆಂಟೆನಾ ಕಡ್ಡಿ, ಒಂದು ಹಸಿರು ದೀಪ.

“ಏನವಾ ಇವು?” ಅಂದೆ.

“ಇವಕ್ಕ ಟವರ್ ಇಲ್ಲ, ವೈರ್ ಇಲ್ಲ ಅಣ್ಣಾ. ಒಂದರ ಮಾತು ಇನ್ನೊಂದು ಹಿಡದು ಮುಂದ ದಾಟಸ್ತೈತಿ. ಹೊಳಿಗೆ ಪೂರ ಬಂದು ಟವರ್ ಬಿತ್ತಂದ್ರ ಇಂಥಾವ ಬೇಕಾಗ್ತಾವು.”

“ಮತ್ತ ತ್ರಾಸ ಏನೈತಿ ಇದ್ರಾಗ?”

“ಎಲ್ಲಾವೂ ಹತ್ರದ ದಾರಿ ನೋಡ್ತಾವು. ಹತ್ರದ ದಾರಿ ಅಂದ್ರ ನಡಬರಕಿನ ಒಂದ ಪೆಟ್ಟಿಗಿ ಮ್ಯಾಲಿಂದ. ಅದರ ಮುಂದ ಪಾಳಿ ಹತ್ತತೈತಿ. ಪಾಳಿ ತುಂಬಿತು, ಉಳದದ್ದೆಲ್ಲಾ ಚೆಲ್ಲಿಬಿಡ್ತೈತಿ. ಮಗ್ಗಲಿನವು ನೋಡಿದ್ರ ಖಾಲಿ ಕುಂತಿರ್ತಾವು.”

“ಅದಕ್ಕ ನೀ ಏನ್ ಮಾಡಾಕಿ?”

“ಪ್ರತಿಯೊಂದು ಪೆಟ್ಟಿಗಿ ‘ನನ್ನ ಮುಂದ ಪಾಳಿ ಇಷ್ಟೈತಿ’ ಅಂತ ಆಜೂಬಾಜೂದವಕ್ಕ ಹೇಳ್ತಿರಬೇಕು. ಪಾಳಿ ಬೆಳದ್ರ ಉಳದಾವು ಸುತ್ತ ಹಾಕ್ಕೊಂಡು ಹೋಗಬೇಕು. ಕಳಸಾವು ಸ್ವಲ್ಪ ಸಾವಕಾಶ ಕಳಸಬೇಕು. ಇಷ್ಟ ನಂದು.”

ನನಗೆ ತಿಳಿಯಿತು. ಶಾಲೆಯಲ್ಲಿ ಏನೂ ತಿಳಿಯದ ನನಗೆ ಅವಳು ಹೇಳಿದ್ದು ತಿಳಿಯಿತಲ್ಲ ಎಂದು ಖುಷಿಯೂ ಆಯಿತು. “ಹಂಗಾದ್ರ ನಮ್ಮ ಮನ್ಯಾಗ ಆ ನಡಬರಕಿನ ಪೆಟ್ಟಿಗಿ ನಾನ. ಗ್ಯಾಸ್ ನನ್ನ ಮ್ಯಾಲ, ಔಷಧ ನನ್ನ ಮ್ಯಾಲ, ಇಕಿ ಕಾಲೇಜಿನ ಫಾರ್ಮಿಗೆ ಓಡೂದು ನನ್ನ ಮ್ಯಾಲ” ಅಂದೆ.

ಒಳಗಿನಿಂದ ಅವ್ವ ಕೂಗಿದಳು: “ನಿನ್ನ ಪಾಳಿ ಯಾವಾಗ ತುಂಬೇತೋ? ಎಂಟಕ್ಕ ಎಬ್ಬಿಸಿದ್ರೂ ಏಳೂದಿಲ್ಲ ನೀ!”

ಪೆಟ್ಟಿಗೆ ಇಡಲು ಹತ್ತು ಮನೆಗಳ ತಾರಸಿ ಬೇಕಿತ್ತು. ಅಪರಿಚಿತ ಹುಡುಗಿಗೆ ಯಾರು ತಾರಸಿಯ ಬಾಗಿಲು ತೆಗೆಯುತ್ತಾರೆ? ಬಜಾಜ್ ನಗರದ ಅರ್ಧ ಕೂಲರುಗಳು ನನ್ನ ಕೈಯಲ್ಲಿದ್ದವು. ನಾನು ಕೇಳಿದೆ, ಹತ್ತೂ ಮನೆಯವರು ಒಪ್ಪಿದರು. ಒಂಬತ್ತನೇ ಮನೆಯ ತಾರಸಿಯಲ್ಲಿ ಸುಮಿಯ ಗೆಳತಿಯೊಬ್ಬಳು ಹಿಂದಿಯಲ್ಲಿ ಅವಳನ್ನು ಕೇಳಿದಳು, “ಭೈಯಾ ಕೋ ಸಮಝಾಯಾ ಕ್ಯಾ?” ಅಣ್ಣನಿಗೆ ತಿಳಿಸಿ ಹೇಳಿದೆಯಾ ಎಂದು. ಸುಮಿ ಕಡ್ಡಿ ತಿರುಗಿಸುತ್ತ ಅಂದಳು, “ಉನಕೋ ಸಮಝನೇ ಕೀ ಜರೂರತ್ ನಹೀಂ. ರಖನೇ ಬೋಲಾ, ರಖ ದಿಯಾ.” ಅವನಿಗೆ ತಿಳಿಯುವ ಅಗತ್ಯವಿಲ್ಲ, ಇಡು ಅಂದೆ, ಇಟ್ಟ. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವಸರದ ಮಾತು. ಆದರೆ ಮೊಳೆ ಹೊಡೆಯುತ್ತಿದ್ದ ನನ್ನ ಸುತ್ತಿಗೆ ಒಂದು ಸಲ ಬೆರಳಿಗೆ ತಗುಲಿತು.

ಜೋಶಿ ಕಾಕು ಮನೆ ಹತ್ತಕ್ಕೂ ನಡುವೆ ಬರುತ್ತಿತ್ತು. ಅಲ್ಲಿಯದೇ ಆರನೇ ಪೆಟ್ಟಿಗೆ. ಸುಮಿ ನನ್ನ ಕೈಗೆ ಒಂದು ವಹಿ ಕೊಟ್ಟಳು.

“ಬರೋಬರ್ ಕೇಳು ಅಣ್ಣಾ. ದಿನಾ ಹತ್ತೂ ಕಡೆ ಹೋಗಿ ದೀಪ ಹತ್ತೇತೋ ಇಲ್ಲೋ ನೋಡು. ಹತ್ತಿತ್ತಂದ್ರ ಚಾಲೂ ಅಂತ ಬರಿ. ದೀಪ ಎಷ್ಟ ಬಡಕೊಂಡ್ರೂ ಬಡಕೊಳ್ಳಲಿ. ಕೈ ಮಾತ್ರ ಹಚ್ಚಬ್ಯಾಡ.”

“ಹಚ್ಚಂಗಿಲ್ಲ ಮಾರಾಯ್ತಿ.”

ಮೊದಲ ಮೂರು ವಾರ ಪೆಟ್ಟಿಗೆಗಳು ಹಳೆಯ ಪದ್ಧತಿಯಂತೆ ನಡೆದವು. ಆಗ ಬಿಸಿಲು ಇನ್ನೂ ಸಹಿಸುವಂತಿತ್ತು. ನಂತರ ಅವಳ ಪದ್ಧತಿಯ ಸರದಿ. ಎರಡನ್ನೂ ಹೋಲಿಸಿ, ಅವಳದು ಮೇಲೆಂದು ಕಂಡರೆ ಅವಳ ಸರ್ ಅವಳನ್ನು ಮುಂದಿನ ಸಂಶೋಧನೆಗೆ ತಮ್ಮಲ್ಲೇ ಇಟ್ಟುಕೊಳ್ಳುವವರಿದ್ದರು. ಅವರಿಗೆ ಇದ್ದದ್ದು ಒಂದೇ ಜಾಗ. ಸುಮಿ ಆ ದಿನಗಳಲ್ಲಿ ನಿದ್ದೆಯಲ್ಲೂ ನಗುತ್ತಿದ್ದಳೆಂದು ಅವ್ವ ಹೇಳುತ್ತಿದ್ದಳು.

ಅವಳ ಸರದಿ ಬಂದದ್ದು ಮೇ ತಿಂಗಳಿನಲ್ಲಿ. ನಾಗಪುರದ ಮೇ ತಿಂಗಳು ಕಂಡವರಿಗೆ ನಾನು ಹೇಳಬೇಕಾದ್ದಿಲ್ಲ. ರಸ್ತೆಯ ಡಾಂಬರಿಗೆ ಚಪ್ಪಲಿ ಅಂಟುತ್ತದೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು, ಬಿಸಿಲು ಬಡಿಯದಿರಲೆಂದು ಜೇಬಿನಲ್ಲಿ ಉಳ್ಳಾಗಡ್ಡಿ ಇಟ್ಟುಕೊಂಡು ತಿರುಗುತ್ತೇವೆ. ಕೂಲರಿನವರಿಗೆ ಉಸಿರಾಡಲು ಹೊತ್ತಿಲ್ಲದ ತಿಂಗಳು ಅದು. ಮೋಟರುಗಳು ಒಂದರ ಹಿಂದೊಂದು ಸುಡುತ್ತವೆ.

ಬಶೀರ್ ಚಾಚಾ ನನಗೆ ಕಲಿಸಿದ ಮೊದಲ ಪಾಠ ಇದು. ಮೋಟರಿನ ಮೇಲೆ ಕೈಯ ಹಿಂಬದಿ ಇಡು, ಹತ್ತು ಎಣಿಸು. ಹತ್ತರವರೆಗೆ ಇಡಲಾದರೆ ಮೋಟರಿಗೆ ಏನೂ ಆಗಿಲ್ಲ. ಐದಕ್ಕೆ ಕೈ ತೆಗೆಯಬೇಕಾದರೆ ಮಾಲೀಕರನ್ನು ಕೇಳಬೇಡ, ಆರಿಸು. ಎರಡು ತಾಸು ವಿಶ್ರಾಂತಿ ಕೊಡು. “ಮಶೀನ್ ಬೋಲತಾ ನಹೀಂ ಬೇಟಾ, ಹಾಥ್ ಸೇ ಪೂಛನಾ ಪಡತಾ ಹೈ.” ಯಂತ್ರ ಬಾಯಿ ಬಿಡುವುದಿಲ್ಲ, ಕೈಯಿಂದಲೇ ಕೇಳಬೇಕು. ಆ ಹೊತ್ತಿಗೆ ಇಪ್ಪತ್ತು ವರ್ಷ ನನ್ನ ಕೈ ನನ್ನನ್ನು ಕೇಳದೆಯೇ ಈ ಕೆಲಸ ಮಾಡುತ್ತ ಬಂದಿತ್ತು.

ಒಂದು ಮಧ್ಯಾಹ್ನ ಕಾಕು ತಾರಸಿಗೆ ಹತ್ತಿದೆ. ಉಳಿದ ಪೆಟ್ಟಿಗೆಗಳ ದೀಪ ಆಗೊಮ್ಮೆ ಈಗೊಮ್ಮೆ ಮಿಣುಕುತ್ತಿದ್ದರೆ ಆರನೆಯದರ ದೀಪ ಎಡೆಬಿಡದೆ ಹೊಡೆದುಕೊಳ್ಳುತ್ತಿತ್ತು. ಕೈಯ ಹಿಂಬದಿ ಇಟ್ಟೆ. ನಾಲ್ಕಕ್ಕೆ ತೆಗೆದೆ. ಇಷ್ಟು ದುಡಿಸಿದರೆ ಇದು ಸಂಜೆಗೆ ಸುಟ್ಟುಹೋಗುತ್ತದೆ, ಸುಮಿಯ ವರ್ಷ ಹಾಳಾಗುತ್ತದೆ ಎನ್ನಿಸಿತು. ಇದನ್ನೂ ಹೇಳಿಬಿಡುತ್ತೇನೆ, ಅದರ ಮೇಲೆ ಕನಿಕರವೂ ಬಂತು. ಎಲ್ಲರ ಹೊರೆ ಹೊತ್ತು ಬಾಯಿ ಬಿಡದೆ ನಿಂತಿದೆಯಲ್ಲ ಎಂದು. ಸ್ವಿಚ್ ಆರಿಸಿದೆ.

ಹಪ್ಪಳ ಒಣಹಾಕಲು ಬಂದಿದ್ದ ಕಾಕು ನೋಡಿದರು. “ಕಾಯ ರೇ ಗಂಗಾಧರ, ತುಝಾ ಡಬ್ಬಾ ಮೇಲಾ ಕಾ?” ನಿನ್ನ ಡಬ್ಬಿ ಸತ್ತಿತೇನೋ ಎಂದು.

“ಇಲ್ಲ ಕಾಕು, ಆರಾಮ್ ಕೊಟ್ಟೆ” ಎಂದು ಮರಾಠಿಯಲ್ಲಿ ಹೇಳಿದೆ.

“ಬರೋಬರ್. ಮಲಾ ಪಣ ಕೋಣೀ ದೇಯೀಲ ಕಾ ಆರಾಮ್?” ನನಗೂ ಯಾರಾದರೂ ಕೊಡುತ್ತಾರೇನು ಎಂದು ನಕ್ಕರು.

ಎರಡು ತಾಸಿನ ಮೇಲೆ ಅದೇ ಓಣಿಯಲ್ಲಿ ಇನ್ನೊಂದು ಕೆಲಸ ಮುಗಿಸಿ ಬಂದು ಮತ್ತೆ ಹಾಕಿದೆ. ದೀಪ ಹತ್ತಿತು. ವಹಿಯಲ್ಲಿ ‘ಚಾಲೂ’ ಎಂದು ಬರೆದೆ. ನಾನು ಬರೆಯುವ ಹೊತ್ತಿಗೆ ಚಾಲೂ ಇತ್ತಲ್ಲ.

ಹೀಗೆ ಎಂಟು ಹತ್ತು ದಿನ. ದೀಪ ಹೆಚ್ಚು ಹೊಡೆದುಕೊಂಡಾಗ, ಕೈಗೆ ಬಿಸಿ ತಾಗಿದಾಗ ಆರಿಸಿದೆ. ಭಾನುವಾರ ಸುಮಿಯೇ ಬರುತ್ತಿದ್ದಳು. ಪೆಟ್ಟಿಗೆಗಳನ್ನು ಪರೀಕ್ಷಿಸಲು ದಿನವೂ ಕಳಿಸುವ ಸಂದೇಶಗಳನ್ನು ಅಂದು ಅವಳು ಹೆಚ್ಚು ಕಳಿಸುತ್ತಿರಲಿಲ್ಲ, ದೀಪವೂ ಸಮಾಧಾನವಾಗಿರುತ್ತಿತ್ತು, ನಾನು ಮುಟ್ಟುತ್ತಿರಲಿಲ್ಲ.

ಒಂದು ಸಂಜೆ ಅವಳು ಊಟಕ್ಕೆ ಕೂತವಳು ಎದ್ದು ಹೋಗಿ ಹಾಳೆಗಳನ್ನು ತಂದಳು. ಗೆರೆಗಳು ಮೇಲೇರಿ, ನಡುವೆ ಧೊಪ್ಪನೆ ಬಿದ್ದಿದ್ದವು.

“ಅಣ್ಣಾ, ಆರನೇದು ನಡುವ ಬಂದ್ ಬೀಳಾಕತ್ತೈತಿ. ತಾನ ಬೀಳ್ತೈತಿ, ತಾನ ಏಳ್ತೈತಿ. ಅದರ ಹೊಟ್ಯಾಗಿನ ಮಾತೆಲ್ಲಾ ಹೋಗ್ತಾವು. ಒಮ್ಮೆಲೇ ಎಲ್ಲಾ ಮಗ್ಗಲಿನವಕ್ಕ ಬಂದು ಬೀಳ್ತೈತಿ, ಅವೂ ತುಂಬ್ತಾವು. ಕಾಕು ಮನ್ಯಾಗ ಕರೆಂಟ್ ಹೋಗ್ತೈತೇನು?”

“ಇಲ್ಲಲ್ಲ.”

“ನೀ ಏನಾರ ಕೈ ಹಚ್ಚಿಯೇನು?”

ಅವಳ ದನಿಯಲ್ಲಿ ಸಂಶಯವಿರಲಿಲ್ಲ. ಕೇಳಬೇಕಲ್ಲ ಎಂದು ಕೇಳಿದಳು. ಆ ಹಾಳೆ ನೋಡುತ್ತಿದ್ದಂತೆ ನನಗೆ ಎಲ್ಲಾ ಗೊತ್ತಾಗಿಹೋಯಿತು. ಗೆರೆ ಬಿದ್ದಲ್ಲೆಲ್ಲ ನನ್ನ ಬೆರಳಿತ್ತು. ಹಚ್ಚಿದೆ ಎಂದು ಒಂದು ಮಾತು ಅಂದಿದ್ದರೆ ಅವಳು ತಲೆ ತಲೆ ಚಚ್ಚಿಕೊಂಡು ಬೈದು, ಮರುದಿನದಿಂದ ಹೊಸದಾಗಿ ಶುರು ಮಾಡುತ್ತಿದ್ದಳು. ಇನ್ನೂ ಎರಡು ವಾರ ಇದ್ದವು. ಆದರೆ ನನ್ನ ಕಿವಿಯಲ್ಲಿ ಆ ಗೆಳತಿಯ ಮುಂದೆ ಸುಮಿ ಆಡಿದ ಮಾತು ಕೇಳಿಸಿತು. ಇಡು ಅಂದೆ, ಇಟ್ಟ. ಅಷ್ಟನ್ನೂ ನೆಟ್ಟಗೆ ಮಾಡಲಿಲ್ಲ ಎಂದಾಗುತ್ತದೆ.

“ನಾ ಯಾಕ ಹಚ್ಚಲಿ? ದಿನಾ ನೋಡಿ ಬರ್ತೀನಿ. ವಹಿಯೊಳಗ ಐತಿ ನೋಡು, ಚಾಲೂ, ಚಾಲೂ, ಚಾಲೂ” ಅಂದೆ.

ಅವಳು ವಹಿ ನೋಡಿದಳು. “ಹಂಗಾದ್ರ ನನ್ನ ಲೆಕ್ಕಾನ ತಪ್ಪೈತಿ. ಹೊರೆ ಹೆಚ್ಚಾದಾಗ ನನ್ನ ಪ್ರೋಗ್ರಾಂ ಅದನ್ನ ಕೆಡವಾಕತ್ತೈತಿ” ಎಂದಳು. ಅವಳಿಗೆ ಹಾಗೆ ಕಾಣಿಸುವುದು ಸಹಜವೇ ಆಗಿತ್ತು. ಹೊರೆ ಹೆಚ್ಚಾದಾಗಲೇ ಅಲ್ಲವೇ ನಾನು ಆರಿಸುತ್ತಿದ್ದದ್ದು?

ಇಲ್ಲಿಯವರೆಗಿನದು ತಿಳಿಗೇಡಿತನ. ಮುಂದಿನದಕ್ಕೆ ಆ ಹೆಸರು ಸಲ್ಲದು. ಮರುದಿನದಿಂದಲೇ ಪೆಟ್ಟಿಗೆ ಸರಿಯಾಗಿ ನಡೆದುಬಿಟ್ಟರೆ ಅವಳಿಗೆ ಅನುಮಾನ ಬರುತ್ತದೆಂದು ಇನ್ನೂ ನಾಲ್ಕು ದಿನ ಹೋಗಿ ಆರಿಸಿದೆ. ಆ ನಾಲ್ಕು ದಿನ ಕೈಯ ಹಿಂಬದಿ ಇಟ್ಟು ನೋಡಲೇ ಇಲ್ಲ. ಬಿಸಿಯಿದೆಯೋ ಇಲ್ಲವೋ ನನಗೆ ಬೇಕಿರಲಿಲ್ಲ. ಮೊದಲ ದಿನ ಸ್ವಿಚ್ ಒತ್ತುವಾಗ ಒಳಗೆಲ್ಲೋ ಒಂದು ಸಂತೋಷವೂ ಆಯಿತು. ಅಷ್ಟು ಓದಿದವಳ ಕೆಲಸ ನನ್ನ ಒಂದು ಬೆರಳಿಗೆ ನಿಲ್ಲುತ್ತದಲ್ಲ ಎಂದು. ಎರಡನೇ ದಿನ ಆ ಸಂತೋಷ ಇರಲಿಲ್ಲ, ಆದರೆ ಮೊದಲ ದಿನ ಇತ್ತು. ಕಾಕುವಿಗೆ, “ಸುಮಿಗೆ ಹೇಳಬೇಡಿ, ಸುಮ್ಮನೆ ಬೈಯುತ್ತಾಳೆ” ಎಂದೆ. ಅಣ್ಣ ತಂಗಿಯ ಜಗಳವೆಂದುಕೊಂಡು ಅವರು ಬಾಯಿಗೆ ಬೆರಳಿಟ್ಟು ನಕ್ಕರು.

ಸುಮಿ ಆ ದಿನಗಳಲ್ಲಿ ಊಟ ಬಿಟ್ಟು ತನ್ನ ಲೆಕ್ಕವನ್ನು ತಿದ್ದಿದಳು. ಸರಿಯಿದ್ದದ್ದನ್ನು ತಿದ್ದಿ ತಿದ್ದಿ ಕೆಡಿಸಿದಳು. ನಾಲ್ಕು ದಿನದ ಮೇಲೆ ನಾನು ಆರಿಸುವುದನ್ನು ನಿಲ್ಲಿಸಿದೆ. ಅಷ್ಟು ಹೊತ್ತಿಗೆ ಅವಳು ಕೆಡಿಸಿಕೊಂಡ ಲೆಕ್ಕ ತಾನಾಗಿಯೇ ಮುಗ್ಗರಿಸತೊಡಗಿತ್ತು. ನನ್ನ ಕೈ ಬೇಕಿರಲಿಲ್ಲ.

ಜೂನಿನ ಮೊದಲ ವಾರ, ಮಳೆ ಇನ್ನೂ ಬಂದಿರಲಿಲ್ಲ, ಹತ್ತೂ ಪೆಟ್ಟಿಗೆ ಬಿಚ್ಚಿ ರಟ್ಟಿನ ಡಬ್ಬದಲ್ಲಿ ತುಂಬಿ ಅವಳ ಕಾಲೇಜಿಗೆ ಹೊತ್ತುಕೊಂಡು ಹೋದೆ. ಬಿಚ್ಚುವಾಗ, “ಬಾಳ ಬಿಸಿ ಆಗಿದ್ದವಲ್ಲವಾ ಇವು?” ಎಂದು ಕೇಳಿದೆ. “ಬಿಸಲಿಗೆ ಆಗ್ತಾವು. ಇವಕ್ಕ ಅದರಿಂದ ಏನೂ ಆಗಂಗಿಲ್ಲ ಅಣ್ಣಾ, ಅದಕ್ಕ ಹುಡುಕಿ ಇಂಥಾವ ತಂದಿದ್ದೆ” ಎಂದಳು. ಅದು ದುಡಿಮೆಯ ಬಿಸಿಯೂ ಆಗಿರಲಿಲ್ಲ, ಬರೀ ಬಿಸಿಲು.

ಅವಳ ಸರ್ ವಯಸ್ಸಾದವರು, ಸಮಾಧಾನಿ. ಹಾಳೆಗಳನ್ನು ಎರಡು ಸಲ ತಿರುವಿದರು. ಹಿಂದಿಯಲ್ಲಿ ಹೇಳಿದರು, ನಿನ್ನ ಯೋಚನೆಯಲ್ಲಿ ತಪ್ಪು ಕಾಣುತ್ತಿಲ್ಲ, ಆದರೆ ಫಲ ಹೀಗೆ ಬಂದಿದೆ. ಆರನೆಯದಕ್ಕೆ ಯಾರಾದರೂ ಕೈ ಹಚ್ಚಿರಬಹುದೇ? ದಿನವೂ ಹೋಗಿ ನೋಡುತ್ತಿದ್ದವರು ಯಾರು?

ನಾನು ಡಬ್ಬ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಸರ್ ನನ್ನ ಮುಖ ನೋಡಿದರು. ನಾನು ಬಾಯಿ ತೆಗೆದಿದ್ದೆನೋ ಇಲ್ಲವೋ ಈಗ ಹೇಳಲಾರೆ. ಅಷ್ಟರಲ್ಲಿ ಸುಮಿ ಅಂದಳು, “ಸರ್, ಮೇರೇ ಭೈಯಾ ಖುದ್ ಜಾತೇ ಥೇ. ವೋ ಝೂಠ್ ನಹೀಂ ಬೋಲತೇ.” ನಮ್ಮಣ್ಣನೇ ಹೋಗುತ್ತಿದ್ದ, ಅವನು ಸುಳ್ಳು ಹೇಳುವವನಲ್ಲ.

ಸರ್ ತಲೆಯಾಡಿಸಿದರು. ಡಬ್ಬ ಎಲ್ಲಿ ಇಡಲಿ ಎಂದು ಕೇಳಿದೆ. ಮೂಲೆ ತೋರಿಸಿದರು, ಇಟ್ಟೆ.

ಅವಳು ತನ್ನ ಪದ್ಧತಿ ತೆಗೆದುಹಾಕಿ, ಹಳೆಯದನ್ನಷ್ಟೇ ಬರೆದುಕೊಟ್ಟು ಪಾಸಾದಳು. ಸಂಶೋಧನೆಯ ಜಾಗ ಬೇರೆಯವರಿಗೆ ಹೋಯಿತು. ಈಗ ಖಾಪರಖೇಡಾದ ವಿದ್ಯುತ್ ಕೇಂದ್ರದಲ್ಲಿ ಗುತ್ತಿಗೆಯ ಕೆಲಸ, ಪಾಳಿಯಲ್ಲಿ ಕೂತು ಮೀಟರುಗಳನ್ನು ನೋಡಿ ಬರೆದಿಡುವುದು. ಅಲ್ಲೇ ಕೋಣೆ ಮಾಡಿಕೊಂಡಿದ್ದಾಳೆ. ಭಾನುವಾರ ಮನೆಗೆ ಬರುತ್ತಾಳೆ. ಅವಳು ಎಂದೂ ದೂರಿದವಳಲ್ಲ. ಅದು ನಡೆದು ಎರಡು ವರ್ಷದ ಮೇಲೆ ಒಮ್ಮೆ ಮೊಬೈಲ್ ಹಿಡಿದು ಬಂದಳು. ಯಾರೋ ಎಲ್ಲೋ ಅವಳ ಯೋಚನೆಯಂಥದ್ದನ್ನೇ ಮಾಡಿ ನೋಡಿದ್ದರಂತೆ, ಚೆನ್ನಾಗಿ ನಡೆದಿತ್ತಂತೆ.

“ಇವರದು ನಡೀತು. ನಂದ್ಯಾಕ ನಡೀಲಿಲ್ಲ ಅಣ್ಣಾ?”

“ನಸೀಬು” ಅಂದೆ. ಕೈಯಲ್ಲಿದ್ದ ಪಂಪಿನ ಸ್ಕ್ರೂ ಬಿಗಿ ಮಾಡುತ್ತ ಅಂದೆ. ಮುಖ ಎತ್ತಲಿಲ್ಲ.

ಕಾಕು ತಾರಸಿಯಿಂದ ಇಳಿದು ಬಂದ ಮೇಲೆ ಎರಡು ವಾರ ಕೂತು ಇಷ್ಟು ಬರೆದೆ. ಈ ಭಾನುವಾರ ಸುಮಿ ಬಂದಾಗ ಹಾಳೆಗಳು ಮಂಚದ ಮೇಲೇ ಇದ್ದವು.

“ಏನ್ ಬರದಿ ಅಣ್ಣಾ?”

“ಹಳೇದು. ಕೂಲರಿಂದು.”

ಅವಳು ಹಾಳೆಯ ಮೇಲೆ ಬೆರಳಾಡಿಸಿ ಒಂದು ಕಡೆ ನಿಲ್ಲಿಸಿದಳು. “ಇದು ನನ್ನ ಹೆಸರಲ್ಲೇನು? ನೀ ತಗಡಿನ ಮ್ಯಾಲ ಬರೀತಿದ್ಯಲ್ಲ! ನನ್ನ ಮ್ಯಾಲ ಏನ್ ಬರದಿ? ಓದು ಓದು.” ಅಕ್ಷರ ಬಾರದ ಅವ್ವನೂ ಬಂದು ಕೂತಳು. “ಓದೋ, ನಾನೂ ಕೇಳ್ತೀನಿ. ನನ್ನ ಹೆಸರು ಹಾಕೀಯೋ ಇಲ್ಲೋ?”

ಓದಿದೆ. ವಾಸನೆಯನ್ನು ಓದಿದೆ, ಗದಗನ್ನು ಓದಿದೆ, ಎಂಟಕ್ಕೆ ಎಬ್ಬಿಸುವುದನ್ನು ಓದಿದೆ. ಅವ್ವ ನಕ್ಕಳು. ಕೈಯ ಹಿಂಬದಿ ಇಟ್ಟು ನೋಡಿದ ಜಾಗ ಬಂತು. ಕಣ್ಣು ಹಾಳೆಯ ಮೇಲೆ ಇಟ್ಟುಕೊಂಡೇ, ಹಾಳೆಯಲ್ಲಿಲ್ಲದ ಮಾತು ಓದಿದೆ: ‘ಆರನೇ ಪೆಟ್ಟಿಗೆ ದಿನವೂ ಚಾಲೂ ಇತ್ತು. ನಾನು ನೋಡಿ ಬರುತ್ತಿದ್ದೆ.’ ಹಾಗೇ ಏನೇನೋ ಹೇಳಿ ಮುಗಿಸಿದೆ.

ಸುಮಿ ಹಾಳೆಗಳನ್ನು ಜೋಡಿಸಿಟ್ಟಳು. “ಚಲೋ ಬರದಿ. ಆದ್ರ ನನ್ನ ತಪ್ಪು ಹಾಕೇ ಇಲ್ಲಲ್ಲ? ತಂಗಿ ಲೆಕ್ಕಾನ ತಪ್ಪಿತ್ತು ಅಂತ ಒಂದ ಸಾಲು ಹಾಕು. ಓದಾವ್ರಿಗೆ ನಿನ್ನ ಮ್ಯಾಲ ಸಂಶೆ ಬರಬಾರದು” ಎಂದಳು.

“ಹಾಕ್ತೀನಿ” ಅಂದೆ.

ಅವಳು ಸಂಜೆಯ ಬಸ್ಸಿಗೆ ಹೋದಳು. ನಾನು ಆ ಸಾಲು ಹಾಕಿಲ್ಲ. ಕೈ ಹಚ್ಚಬೇಡ ಎಂದಾಗ ಅವಳ ಮಾತನ್ನು ಒಮ್ಮೆ ಮೀರಿದ್ದೆ, ಸಾಲು ಹಾಕು ಎಂದಾಗ ಈಗ ಎರಡನೇ ಸಲ ಮೀರುತ್ತಿದ್ದೇನೆ. ಅವಳ ಲೆಕ್ಕ ಸರಿಯಾಗಿತ್ತು. ಪೆಟ್ಟಿಗೆ ಆರಿದ್ದು ನನ್ನ ಕೈಯಿಂದ. ಇದನ್ನು ಅವಳಿಗೆ ಓದಲು ಬಾರದ ಅಕ್ಷರಗಳಲ್ಲಿ ಬರೆದಿದ್ದೇನೆ. ಬೇರೆ ಅಕ್ಷರಗಳಲ್ಲಿ ಬರೆಯುವ ಧೈರ್ಯ ನನಗೆ ಇನ್ನೂ ಬಂದಿಲ್ಲ.